ಹದಿನೆಂಟು ಮಾರು

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಮೇಷ್ಟ್ರಾಗಿದ್ದ ಕಾಲಕ್ಕೆ ನಮ್ಮ ಕಡೆಯವರು ಎಲೆಕ್ಷನ್ನಿಗೆ ಆಡಿದ ಜಗಳಕ್ಕಿಂತ ಫುಟ್‌ಬಾಲ್ ಮೇಷ್ಟ್ರ ವಿಚಾರಕ್ಕೆ ಆಡಿದ ಜಗಳವೇ ಹೆಚ್ಚು. ಈಗ ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಆ ಜಗಳದಲ್ಲಿ ನಾನೂ ಬಾಯಿ ಹಾಕಿದೆ. ನಾನು ಬಾಯಿ ಹಾಕಿದ್ದಕ್ಕೆ ದಂಡ ತೆತ್ತವನು ಮಾತ್ರ ಇನ್ನೊಬ್ಬ.

ವಿಷಯ ಇಷ್ಟು. ಹಾಸನದಲ್ಲಿ ಒಬ್ಬ ಹಿರಿಯ ಡ್ರಿಲ್ ಮೇಷ್ಟ್ರಿದ್ದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಿನ ಹುಡುಗರನ್ನು ಆರಿಸಿ ಒಂದು ತಂಡ ಕಟ್ಟಿ ವರ್ಷಕ್ಕೊಮ್ಮೆ ಮೈಸೂರಿಗೆ ಆಡಿಸಲು ಕರೆದುಕೊಂಡು ಹೋಗುವವರು ಅವರೇ. ಹಾಸನ ಬಿಟ್ಟು ಉಳಿದ ಮೂರೂ ಊರಿನಲ್ಲಿ ಅವರಿಗೆ ಒಬ್ಬೊಬ್ಬ ಸಹಾಯಕ. ಮೂವರೂ ಅವರ ಹತ್ತಿರವೇ ಆಡಿ ಕಲಿತವರು. ಹಿರಿಯರಿಗೆ ದಮ್ಮು ಹತ್ತಿಕೊಂಡಿತ್ತು, ವಯಸ್ಸೂ ಆಗಿತ್ತು. ಆ ವರ್ಷ ಅವರು ಕೆಲಸ ಬಿಡುವುದು ಖಂಡಿತ ಎಂದಾದ ಮೇಲೆ, ಅವರ ಜಾಗಕ್ಕೆ ಮೂವರಲ್ಲಿ ಯಾರು ಎನ್ನುವುದೇ ಎಲ್ಲರ ಬಾಯಲ್ಲೂ ಮಾತಾಯಿತು.

ಹೊಳೆನರಸೀಪುರದ ಸಹಾಯಕ ನನ್ನ ಸ್ನೇಹಿತ. ಹಳೇಕೋಟೆ ಕಡೆಯ ಒಕ್ಕಲು ಮನೆಯವನು. ಒಂಬತ್ತು ವರ್ಷದಿಂದ ಅವನದು 'ಮುಂದಿನ ಆದೇಶದವರೆಗೆ' ಎಂಬ ಕೆಲಸ. ಆ ಮುಂದಿನ ಆದೇಶ ಬರಲೇ ಇಲ್ಲ. ಅಷ್ಟರಲ್ಲಿ, ಸಹಾಯಕರ ಹುದ್ದೆಗಳನ್ನೇ ತೆಗೆದುಹಾಕುತ್ತಾರೆ ಎಂಬ ಸುದ್ದಿ ಬೇರೆ ಹಬ್ಬಿತ್ತು. ಹಾಸನದ ಜಾಗ ಸಿಕ್ಕರೆ ಅವನು ಉಳಿದ, ಸಿಗದಿದ್ದರೆ ಚೆಂಡು ಬಿಟ್ಟು ನೇಗಿಲು ಹಿಡಿಯಬೇಕು. ನೇಗಿಲು ಹಿಡಿಯುವುದರಲ್ಲಿ ಅವಮಾನವೇನೂ ಇರಲಿಲ್ಲ. ಆದರೆ ಅವನ ಜೀವ ಇದ್ದದ್ದು ಚೆಂಡಿನಲ್ಲಿ.

ನಮ್ಮಿಬ್ಬರ ಸ್ನೇಹಕ್ಕೆ ಮೂಲ ಸ್ಟಾಫ್ ರೂಮಿನ ಒಂದು ಬೆಂಚು. ಇಂಗ್ಲಿಷ್ ಮೇಷ್ಟ್ರಿಗೆ ಕೈಯಿರುವ ಕುರ್ಚಿ, ಗಣಿತದವರಿಗೆ ಕೈಯಿಲ್ಲದ ಕುರ್ಚಿ, ಡ್ರಾಯಿಂಗಿಗೂ ಡ್ರಿಲ್ಲಿಗೂ ಬಾಗಿಲ ಪಕ್ಕದ ಬೆಂಚು. ಒಂದೇ ಬೆಂಚಿನಲ್ಲಿ ಕೂತವರಿಗೆ ಮಾತು ತಾನಾಗಿ ಬರುತ್ತದೆ. ಬರಬರುತ್ತ ಬಯಲಿಗೆ ಸುಣ್ಣದ ಗೆರೆ ಹಾಕುವ ಕೆಲಸ ನನ್ನ ಪಾಲಿಗೆ ಬಂತು. 'ನೆಟ್ಟಗೆ ಗೆರೆ ಎಳೆಯೋಕೆ ಬರೋನು ಈ ಊರಲ್ಲಿ ನೀನೊಬ್ನೇ ಕಣಯ್ಯ' ಎಂದು ಅವನು ಉಬ್ಬಿಸಿದ, ನಾನು ಉಬ್ಬಿದೆ. ಒಂದು ಉದ್ದದ ಹಗ್ಗಕ್ಕೆ ಮಾರಿಗೊಂದು ಗಂಟು ಹಾಕಿಕೊಂಡಿದ್ದೆವು. ಮಾರು ಎಂದರೆ ಅವನು ಎರಡೂ ಕೈ ಚಾಚಿದಷ್ಟು, ನನ್ನ ಕೈ ಗಿಡ್ಡ. ಅವನು ಒಂದು ತುದಿ, ನಾನು ಒಂದು ತುದಿ. ಅವನು ಒಂದು ಎಂದರೆ ನಾನು ಎರಡು, ಹೀಗೆ ಗಟ್ಟಿಯಾಗಿ ಎಣಿಸುತ್ತ ಹೋಗುವುದು. ಬಯಲಿನ ಉದ್ದ ಅರವತ್ತು ಮಾರು, ಅಗಲ ಮೂವತ್ತಾರು. ಅಂಚಿನಿಂದ ನಡುಮಧ್ಯಕ್ಕೆ ಹದಿನೆಂಟು. ಅಲ್ಲಿ ನಾನು ಒಂದು ಹಿಡಿ ಸುಣ್ಣ ಸುರಿದರೆ ಅವನು ಹೆಬ್ಬೆರಳಿನಿಂದ ಅದನ್ನು ಒತ್ತಿ ಗಟ್ಟಿ ಮಾಡುತ್ತಿದ್ದ.

ಅವನಲ್ಲಿ ಒಂದು ವಿಚಿತ್ರವಿತ್ತು. ಅವನು ಸೀಟಿ ಊದುತ್ತಿರಲಿಲ್ಲ. ಹಿರಿಯ ಮೇಷ್ಟ್ರು ತಮ್ಮ ಶಿಷ್ಯರಿಗೆ 'ಒಂದು ಬಯಲಿಗೆ ಒಂದೇ ಸೀಟಿ' ಎಂದು ಹೇಳಿಕೊಟ್ಟಿದ್ದರು. ಅವರ ಎದುರಿಗೆ ಶಿಷ್ಯರು ಊದಬಾರದು, ಚಪ್ಪಾಳೆ ತಟ್ಟಬೇಕು ಎನ್ನುವುದು ಆ ಮಾತಿಗೆ ಅರ್ಥ. ಉಳಿದಿಬ್ಬರು ತಮ್ಮ ತಮ್ಮ ಊರಿಗೆ ಹೋದ ಮೇಲೆ ಸೀಟಿ ಕೊಂಡುಕೊಂಡರು. ಇವನು ಮಾತ್ರ, ಗುರುಗಳು ಊದುತ್ತಿರುವವರೆಗೂ ತಾನು ಊದಬಾರದು ಎಂದು ಹೊಳೆನರಸೀಪುರದಲ್ಲೂ ಚಪ್ಪಾಳೆಯನ್ನೇ ತಟ್ಟಿದ. ಒಂದು ಚಪ್ಪಾಳೆಗೆ ನಿಲ್ಲು, ಎರಡಕ್ಕೆ ಚೆಂಡು ಕೊಡು, ಮೂರಕ್ಕೆ ಹಿಂದೆ ಸರಿ. ನಮ್ಮ ಹುಡುಗರಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಕಣ್ಣೆತ್ತದೆ ಆಡುತ್ತಿದ್ದರು. ಅವನ ಅಂಗೈ ರೊಟ್ಟಿ ಹಂಚಿನ ಹಾಗೆ ಗಡುಸಾಗಿತ್ತು. 'ಹಿಂಗೆ ಇನ್ನೂ ಎಷ್ಟು ವರ್ಷ ತಟ್ತೀಯ?' ಎಂದು ಒಮ್ಮೆ ಕೇಳಿದ್ದೆ. 'ಅವ್ರಾಗೇ ಕರೆದು ಇನ್ ನೀನು ಊದ್ಲಾ ಅನ್ನೋಗಂಟ' ಎಂದಿದ್ದ.

ಶನಿವಾರ ಅರ್ಧ ದಿನ. ಸ್ಕೂಲು ಬಿಟ್ಟು ಬಸ್ ಸ್ಟ್ಯಾಂಡಿನ ಎದುರಿನ ಕಾಫಿ ಹೋಟೆಲಿಗೆ ಹೋದರೆ ಅಲ್ಲಿ ಪಂಚಾಯಿತಿ ಸಿದ್ಧವಾಗಿರುತ್ತಿತ್ತು. ಅರಕಲಗೂಡು ಲೈನಿನ ಬಸ್ ಕಂಡಕ್ಟರ್ ಒಂದು ಕಡೆ. ತಂಡದ ಹುಡುಗರಿಗೆ ಚಡ್ಡಿ ಹೊಲಿದುಕೊಡುತ್ತಿದ್ದ ದರ್ಜಿ, ಚನ್ನರಾಯಪಟ್ಟಣದವನು, ಇನ್ನೊಂದು ಕಡೆ. ನಡುವೆ ನಾನು. ನನ್ನ ಸ್ನೇಹಿತ ಆ ಹೊತ್ತಿಗೆ ಬಯಲಿನಲ್ಲಿರುತ್ತಿದ್ದ, ಅವನು ಹೋಟೆಲಿಗೆ ಬರುತ್ತಲೇ ಇರಲಿಲ್ಲ.

'ನಮ್ ಅರ್ಕಲ್‌ಗೂಡ್ ಮೇಷ್ಟ್ರು ಒಂದ್ ಕೂಗಾಕುದ್ರೆ ಮಲ್ಲಿಪಟ್ಣದಲ್ಲಿ ಎತ್ತು ನಿಂತ್ಕತದೆ ಕಣ್ ಸಾ' ಎಂದು ಕಂಡಕ್ಟರ್ ಶುರು ಮಾಡಿದ. 'ಡ್ರಿಲ್ ಮೇಷ್ಟ್ರು ಅಂದ್ರೆ ಅಂಗಿರ್ಬೇಕು.'

'ಕೂಗಾಕ್ ಮೇಷ್ಟ್ರು ಯಾಕ್ಲಾ? ಟಾಂಟಾಂ ಒಡೆಯೋನು ಸಾಲ್ದಾ?' ಎಂದ ದರ್ಜಿ. 'ನಮ್ಮೋರು ಮದ್ರಾಸ್ಗೋಗಿ ಸರ್ಟಿಫಿಕೇಟ್ ತಂದವ್ರೆ.'

ನಾನು ನನ್ನ ಸ್ನೇಹಿತನ ಪರ ವಾದಿಸಿದೆ. ಯಾವ ಹುಡುಗ ಯಾವ ಕಾಲಲ್ಲಿ ಒದೆಯುತ್ತಾನೆ, ಯಾವನು ಬೈಸಿಕೊಂಡರೆ ಆಡುತ್ತಾನೆ, ಯಾವನು ಬೈಸಿಕೊಂಡರೆ ಮುದುಡುತ್ತಾನೆ, ಎಲ್ಲ ಅವನಿಗೆ ಗೊತ್ತು ಎಂದೆ. ಕಳೆದ ಮೂರು ವರ್ಷದಿಂದ ಹಿರಿಯರಿಗೆ ಓಡಾಡಲು ಆಗದೆ, ಊರೂರು ತಿರುಗಿ ಅವರ ತಂಡಕ್ಕೆ ಹುಡುಗರನ್ನು ಆರಿಸಿಕೊಟ್ಟವನೇ ಅವನು ಎಂದೆ. ಅದು ಸುಳ್ಳೂ ಅಲ್ಲ.

'ಅಂಗಾದ್ರೆ ಒಂಬತ್ತು ವರ್ಷದಿಂದ ಯಾಕ್ ಸಾ ಎರಡ್ನೇವ್ರಾಗೇ ಅವ್ರೆ?' ಎಂದ ಕಂಡಕ್ಟರ್.

ಬಿಸಿಲು ಹೋಟೆಲಿನ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ನಾನು ಹೋಗದೆ ಅಮ್ಮ ಎಲೆ ಮುಂದೆ ಕೂರುತ್ತಿರಲಿಲ್ಲ. ನಾನು ತಡ ಮಾಡಿದರೆ ಆಕೆಗೆ ಅವತ್ತು ಉಪವಾಸವೇ. ಏಳಬೇಕಿತ್ತು, ಆದರೆ ಸೋತು ಎದ್ದು ಹೋಗುವ ಜಾಯಮಾನ ನನ್ನದಲ್ಲ. ಕೊನೆಯ ಮಾತು ನನ್ನದಾಗಿರಲಿ ಎಂದು, ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿದೆ:

'ಅವನು ಕಳಸಗಿತ್ತಿ ಕಣಯ್ಯ. ಮದುವಣಗಿತ್ತಿಗಿಂತ ಲಕ್ಷಣವಾಗಿ ನಿಂತಿರ್ತಾನೆ. ಏನ್ಮಾಡೋದು, ಕಳಸಗಿತ್ತಿಗೆ ಯಾರೂ ತಾಳಿ ಕಟ್ಟೋದಿಲ್ಲ.'

ಹೋಟೆಲಿಗೆ ಹೋಟೆಲೇ ನಕ್ಕಿತು. ಕಾಫಿ ಸೋಸುತ್ತಿದ್ದವನೂ ನಕ್ಕ. ಮದುವೆಯಲ್ಲಿ ಹೆಣ್ಣಿನ ಪಕ್ಕ ಕಳಸ ಹಿಡಿದು ನಿಲ್ಲುವ ಹುಡುಗಿಯನ್ನು ಎಲ್ಲರೂ ನೋಡಿದವರೇ, ಅವಳಿಗೆ ಮೀಸೆ ಇಟ್ಟು ಖಾಕಿ ಚಡ್ಡಿ ತೊಡಿಸಿದರೆ ನಗದೆ ಏನು ಮಾಡುತ್ತಾರೆ? ನಾನು ಗೆದ್ದವನ ಹಾಗೆ ಮನೆಗೆ ಹೋಗಿ ಹೊತ್ತಿಗೆ ಸರಿಯಾಗಿ ಉಂಡೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಕಾಪಿ ಬರೆಸುತ್ತಿದ್ದವನೂ ನಾನೇ.

ಕಂಡಕ್ಟರ್ ದಿನಕ್ಕೆ ನಾಲ್ಕು ಟ್ರಿಪ್ಪು ಹೊಡೆಯುವವನು. ಮಾತು ಅರಕಲಗೂಡಿಗೆ ಹೋಯಿತು, ಹಾಸನಕ್ಕೂ ಹೋಯಿತು, ದರ್ಜಿಯ ಮೂಲಕ ಚನ್ನರಾಯಪಟ್ಟಣಕ್ಕೂ ಹೋಯಿತು. ಹದಿನೈದು ದಿನ ಕಳೆದು ಚನ್ನರಾಯಪಟ್ಟಣದ ಹುಡುಗರ ಜೊತೆ ಮ್ಯಾಚು ನಡೆದಾಗ, ಗೆರೆಯ ಆಚೆ ಗುಂಪಿನಲ್ಲಿ ಯಾರೋ 'ಕಳಸಗಿತ್ತಿ ಮೇಷ್ಟ್ರೇ' ಎಂದು ಕೂಗಿದರು. ನಾನು ಸುಣ್ಣದ ಬುಟ್ಟಿ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅವನು ತಿರುಗಿ ನೋಡಲಿಲ್ಲ. ಅವನ ಚಪ್ಪಾಳೆ ಮಾತ್ರ ಒಂದು ಗಳಿಗೆ ತಪ್ಪಿತು.

ಮಾರನೆಯ ದಿನ ಚೆಂಡಿನ ತೊಗಲಿಗೆ ಹರಳೆಣ್ಣೆ ತಿಕ್ಕುತ್ತ ಕೂತಿದ್ದವನು, ತಲೆಯೆತ್ತದೆ ಕೇಳಿದ. 'ಆ ಮಾತು ನಿಂದಂತೆ?'

'ತಮಾಷೆಗೆ ಅಂದದ್ದು' ಎಂದೆ.

'ಊರೆಲ್ಲ ಅಂದಿದ್ರೂ ನಂಗೇನೂ ಅನ್ನುಸ್ತಿರ್ಲಿಲ್ಲ ಕಣಯ್ಯ. ನಿನ್ ಬಾಯಿಂದ ಬಂತಲ್ಲ.'

ಅಷ್ಟೇ ಅಂದದ್ದು. ಕೂಗಾಡಿದ್ದರೆ ನಾನೂ ಕೂಗಾಡಿ, ಸಂಜೆಗೆ ಸರಿಹೋಗುತ್ತಿತ್ತು. ಅವನು ಮಾತು ಬಿಟ್ಟ. ತಪ್ಪಾಯಿತು ಎನ್ನಬೇಕಾದವನು ನಾನು. ಆದರೆ ಅವನ ಪರವಾಗಿ ಅಷ್ಟು ವಾದ ಮಾಡಿದ್ದು ಅವನ ಕಿವಿಗೆ ಬೀಳದೆ, ಈ ಒಂದು ಮಾತು ಮಾತ್ರ ಬಿತ್ತಲ್ಲ ಎಂದು ನನಗೆ ಸಿಟ್ಟು. ಹಟ ನಮ್ಮ ಮನೆತನದ ಆಸ್ತಿ, ಬೇರೆ ಆಸ್ತಿ ಇಲ್ಲದಿದ್ದರೂ. ಬೆಂಚಿನ ಒಂದು ತುದಿಯಲ್ಲಿ ಅವನು, ಇನ್ನೊಂದು ತುದಿಯಲ್ಲಿ ನಾನು, ಒಂದು ತಿಂಗಳು ಕೂತೆವು.

ಆ ತಿಂಗಳ ಕೊನೆಗೆ ಹಾಸನದಿಂದ ಕಾಗದ ಬಂತು. ವಿದ್ಯಾ ಇಲಾಖೆಯ ಸಾಹೇಬರು ಖುದ್ದು ಬರುತ್ತಾರೆ, ಮೂವರು ಸಹಾಯಕರೂ ನಾಲ್ಕು ಊರಿನ ಹುಡುಗರನ್ನು ಅರ್ಧರ್ಧ ಗಂಟೆ ಆಡಿಸಿ ತೋರಿಸಬೇಕು, ಅದರ ಮೇಲೆ ತೀರ್ಮಾನ. ಗೆರೆ ಹಾಕಲು ನನ್ನನ್ನೂ ಕರೆದಿದ್ದರು. ಬಸ್ಸಿನಲ್ಲಿ ಅವನು ಮುಂದೆ ಕೂತ, ನಾನು ಹಿಂದೆ.

ಬೆಳಗ್ಗೆ ಹಾಸನದ ಬಯಲಿನಲ್ಲಿ ಇಬ್ಬರೂ ಹಗ್ಗ ಹಿಡಿದೆವು. ಯಾವತ್ತೂ ಗಟ್ಟಿಯಾಗಿ ಎಣಿಸುತ್ತಿದ್ದವರು ಅವತ್ತು ಮನಸ್ಸಿನಲ್ಲೇ ಎಣಿಸಿಕೊಂಡೆವು. ಅವನು ನಿಂತರೆ ನಾನು ನಿಂತೆ, ಅವನು ಎಳೆದರೆ ನಾನು ಬಿಟ್ಟೆ. ಒಂದು ಗಂಟೂ ತಪ್ಪಲಿಲ್ಲ. ಹದಿನೆಂಟನೆಯ ಗಂಟಿಗೆ ನಾನು ಸುಣ್ಣ ಸುರಿದೆ, ಅವನು ಹೆಬ್ಬೆರಳಿನಿಂದ ಒತ್ತಿದ. ಆಗ ಒಂದು ಮಾತು ಆಡಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ.

ಮಧ್ಯಾಹ್ನ ಗೆರೆಯ ಅಂಚಿಗೆ, ಸರಿಯಾಗಿ ನಡುಭಾಗಕ್ಕೆ, ಕುರ್ಚಿಗಳನ್ನು ಹಾಕಿದರು. ಸಾಹೇಬರು, ಹೆಡ್‌ಮಾಸ್ಟರುಗಳು, ಕೊನೆಯಲ್ಲಿ ಆರಾಮ ಕುರ್ಚಿಯಲ್ಲಿ ಶಾಲು ಹೊದ್ದು ಹಿರಿಯ ಮೇಷ್ಟ್ರು. ಅವರಿಗೆ ಉಸಿರು ಎಳೆಯುತ್ತಿತ್ತು. ನೀರು ಕೊಡುವುದಕ್ಕೆಂದು ನನ್ನನ್ನು ಅವರ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿದರು.

ಮೊದಲು ಚನ್ನರಾಯಪಟ್ಟಣದವನು ಆಡಿಸಿದ. ಪುಸ್ತಕದಲ್ಲಿದ್ದ ಹಾಗೆಯೇ ಎಲ್ಲ ಮಾಡಿಸಿದ. ಅವನು ಊದಿದ್ದು ತನ್ನದೇ ಸೀಟಿ. ಹಿರಿಯರು ಕಣ್ಣು ಮುಚ್ಚಿಕೊಂಡಿದ್ದರು.

ಎರಡನೆಯವನು ನನ್ನ ಸ್ನೇಹಿತ. ಬಂದು ಗುರುಗಳ ಪಾದ ಮುಟ್ಟಿದ. ಎದ್ದು, ಕೈ ಕಟ್ಟಿಕೊಂಡು, ತಲೆ ತಗ್ಗಿಸಿ ನಿಂತ. ಹೊರಟುಬಿಡಬೇಕಾದವನು ಇನ್ನೊಂದು ಗಳಿಗೆ ನಿಂತ. ಶಾಲಿನ ಒಳಗೆ ಹಿರಿಯರ ಕೈ ಅಲುಗಿತು. ಪಕ್ಕದಲ್ಲಿದ್ದ ನನಗೆ ಮಾತ್ರ ಕಾಣುತ್ತಿತ್ತು, ಕಪ್ಪು ದಾರದ ಅವರ ಹಿತ್ತಾಳೆ ಸೀಟಿ ಅವರ ಮುಷ್ಟಿಯಲ್ಲಿತ್ತು. ಇವನೂ ಮಾತಾಡಲಿಲ್ಲ, ಅವರೂ ಮಾತಾಡಲಿಲ್ಲ. ಇವನು ತಿರುಗಿ ಬಯಲಿನ ನಡುವಿಗೆ ಹೋದ.

ಹಿರಿಯರು ಮೆಲ್ಲಗೆ ನನ್ನ ಕಡೆ ವಾಲಿದರು. 'ಇವತ್ತು ಇದನ್ನ ಅವನ ಕೊರಳಿಗೆ ಹಾಕಬೇಕು ಅಂತಲೇ ಮೈ ಸರಿಯಿಲ್ಲದಿದ್ರೂ ಬಂದೆ. ಕೇಳ್ತಾನೆ ಅಂದ್ಕೊಂಡೆ. ಕೇಳದವನ ಕೈಗೆ ತುರುಕಬಾರದು. ಬಂದು ಕೇಳಲಿ.'

ನನಗೆ ಎಲ್ಲ ಅರ್ಥವಾಯಿತು. ಗುರು ಇನ್ನೂ ಕುರ್ಚಿಯಲ್ಲಿರುವಾಗ ಅವರ ಸೀಟಿ ಕೇಳುವುದೆಂದರೆ 'ಇನ್ನು ಏಳಿ' ಎಂದ ಹಾಗೆ ಎಂದು ಇವನು ಬಾಯಿ ಕಟ್ಟಿಕೊಂಡಿದ್ದಾನೆ. ಕೇಳದೆ ಕೊಟ್ಟದ್ದಕ್ಕೆ ಬೆಲೆಯಿಲ್ಲ ಎಂದು ಅವರು ಮುಷ್ಟಿ ಕಟ್ಟಿಕೊಂಡಿದ್ದಾರೆ. ಇಬ್ಬರದೂ ಮರ್ಯಾದೆಯೇ. ಯಾರಾದರೂ ಒಬ್ಬರು ಎದ್ದು ಹೋಗಿ 'ಕೇಳಯ್ಯ, ಕೊಡ್ತಾರೆ' ಎಂದು ಅವನ ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ಆ ಮಾತು ಗೊತ್ತಿದ್ದವನು ಇಡೀ ಬಯಲಿನಲ್ಲಿ ನಾನೊಬ್ಬನೇ.

ಅವನು ಚಪ್ಪಾಳೆ ತಟ್ಟಿದ. ನಮ್ಮ ಊರಿನ ಮೂವರು ಹುಡುಗರು ಥಟ್ಟನೆ ನಿಂತರು. ಉಳಿದ ಊರಿನವರಿಗೆ ಆ ಚಪ್ಪಾಳೆಯ ಭಾಷೆ ಗೊತ್ತಿಲ್ಲ. ಒಬ್ಬ ಓಡಿದ, ಒಬ್ಬ ನಿಂತ, ಇಬ್ಬರು ಡಿಕ್ಕಿ ಹೊಡೆದರು. ಅವನು ಮತ್ತೆ ತಟ್ಟಿದ. 'ಏನ್ರೀ ಇದು, ಭಜನೆಯೋ ಆಟವೋ?' ಎಂದರು ಸಾಹೇಬರು. ಪಕ್ಕದವರು ಏನೋ ಪಿಸುಗುಟ್ಟಿದ ಮೇಲೆ, 'ಓಹೋ, ಕಳಸಗಿತ್ತಿ ಅಂತಾರಂತಲ್ಲ, ಅವರು ಇವರೇನಾ?' ಎಂದರು. ಕುರ್ಚಿಗಳ ಸಾಲು ನಕ್ಕಿತು.

ಹಿರಿಯರು ನನ್ನ ಕಡೆ ತಿರುಗಿದರು. 'ಏನದು? ಯಾರು ಹಾಗಂದದ್ದು?'

'ಗೊತ್ತಿಲ್ಲ ಸಾರ್' ಎಂದೆ.

ಆ ಸುಳ್ಳು ಹೇಳಿದ ಮೇಲೆ ನನ್ನ ಕಾಲು ಏಳಲಿಲ್ಲ. ಎದ್ದು ಅವನ ಹತ್ತಿರ ಹೋದರೆ, ಎಲ್ಲರ ಎದುರಿಗೆ ಅವನು 'ನಿನ್ ಮಾತೇ ತಾನೇ ಅದು' ಎಂದುಬಿಟ್ಟರೆ? ತಿಂಗಳಿನಿಂದ ಮಾತು ಬಿಟ್ಟವನು ಅವನು, ಮೊದಲು ನಾನೇ ಯಾಕೆ ಹೋಗಬೇಕು? ಇಂಥ ಕಸವನ್ನೆಲ್ಲ ಯೋಚಿಸುತ್ತ ನೀರಿನ ಚೊಂಬು ಹಿಡಿದುಕೊಂಡು ಕೂತಿದ್ದೆ. ಅರ್ಧ ಗಂಟೆ ಎಂಬುದು ಬಹಳ ಹೊತ್ತು. ಅಷ್ಟು ಹೊತ್ತೂ ಅವನು ಚಪ್ಪಾಳೆ ತಟ್ಟಿದ, ಅಷ್ಟು ಹೊತ್ತೂ ನಾನು ಕೂತಿದ್ದೆ.

ಕೊನೆಯವನು ಅರಕಲಗೂಡಿನವನು. ಓಡಿಬಂದು ದಡಕ್ಕನೆ ಪಾದಕ್ಕೆ ಬಿದ್ದು, 'ಗುರುಗಳೇ, ನಿಮ್ ಸೀಟಿ ಕೊಡಿ, ನಿಮ್ ಆಶೀರ್ವಾದದಾಗೆ ಊದ್ತೀನಿ' ಎಂದ. ಅವನಲ್ಲಿ ಕಪಟವಿರಲಿಲ್ಲ, ಬಾಯಿಗೆ ಬಂದದ್ದನ್ನು ಕೇಳಿದ, ಅಷ್ಟೆ. ಹಿರಿಯರು ಅವನನ್ನೇ ನೋಡಿದರು. ಆಮೇಲೆ ಬಯಲಿನ ಕಡೆ ನೋಡಿದರು. ಕೇಳಿದವನಿಗೆ ಇಲ್ಲ ಎನ್ನುವ ಹಾಗಿಲ್ಲ. ಶಾಲಿನಿಂದ ಕೈ ತೆಗೆದು ಸೀಟಿ ಕೊಟ್ಟರು. ಅವರ ಕಣ್ಣಿನಲ್ಲಿ ನೀರಿತ್ತು. ನೋಡಿದವರು ಶಿಷ್ಯನ ಮೇಲಿನ ಪ್ರೀತಿ ಎಂದುಕೊಂಡರು.

ಆಚೆ ಅಂಚಿನಲ್ಲಿ ನಿಂತು ನನ್ನ ಸ್ನೇಹಿತ ಅದನ್ನು ನೋಡಿದ. ಕೈಗಳನ್ನು ಚಡ್ಡಿಗೆ ಒರೆಸಿಕೊಂಡು, ಹಗ್ಗವನ್ನು ಸುತ್ತಲು ಶುರು ಮಾಡಿದ.

ಹಾಸನದ ಜಾಗ ಅರಕಲಗೂಡಿನವನಿಗೆ ಆಯಿತು. ಅವನು ಕೆಟ್ಟ ಮೇಷ್ಟ್ರೇನೂ ಆಗಲಿಲ್ಲ, ಆ ಮಾತು ಹೇಳಲೇಬೇಕು. ಹಿರಿಯರು ಆ ಮಾಗಿಯ ಚಳಿ ದಾಟಲಿಲ್ಲ. ಮುಂದಿನ ವರ್ಷ ಸುದ್ದಿ ನಿಜವಾಗಿ ಸಹಾಯಕರ ಹುದ್ದೆಗಳು ಹೋದವು. ನನ್ನ ಸ್ನೇಹಿತ ಹಳೇಕೋಟೆಗೆ ಹೊರಟ ದಿನ ನಾನು ಕ್ಲಾಸಿನಲ್ಲಿದ್ದೆ. ಸ್ಟಾಫ್ ರೂಮಿಗೆ ಬಂದು ನೋಡಿದರೆ, ಬೆಂಚಿನ ಮೇಲಿನ ಮೊಳೆಗೆ ಗಂಟಿನ ಹಗ್ಗವನ್ನು ನೀಟಾಗಿ ಸುತ್ತಿ ತಗುಲಿಹಾಕಿ ಹೋಗಿದ್ದ. ನನಗೆ ಅವತ್ತು ಅಳು ಬಂತು. ಆದರೂ ಹಳೇಕೋಟೆ ಬಸ್ಸು ಹತ್ತಲಿಲ್ಲ. ಈ ಭಾನುವಾರ, ಮುಂದಿನ ಭಾನುವಾರ ಎನ್ನುತ್ತ ವರ್ಷಗಳು ಕಳೆದವು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಗೊರೂರಿನಲ್ಲಿ ಹೊಳೆಗೆ ಅಣೆಕಟ್ಟಿನ ಕೆಲಸ ಶುರುವಾಗಿತ್ತು. ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದ ನನ್ನ ತಂಗಿಯ ಮನೆಗೆ ಹೋಗಿದ್ದೆ. ಬಸ್ಸಿಳಿದು ನಡೆಯುತ್ತಿದ್ದಾಗ ಉದ್ದಕ್ಕೆ ಒಂದು ಸೀಟಿ ಕೇಳಿಸಿತು. ಬಂಡೆ ಸಿಡಿಸುವ ಮೊದಲು ಕೂಲಿಯವರು ದೂರ ಸರಿಯಲಿ ಎಂದು ಊದುವುದು. ಊದುತ್ತಿದ್ದವನು ಅವನೇ. ಖಾಕಿ ಅಂಗಿ, ತಲೆಗೆ ಟವಲ್ಲು, ಕೊರಳಲ್ಲಿ ಸೀಟಿ. ಕೂದಲು ಅರ್ಧ ನರೆತಿತ್ತು.

ನನ್ನನ್ನು ನೋಡಿ ನಕ್ಕ. 'ಬಾರಯ್ಯ, ಕೂತ್ಕೊ' ಎಂದ, ನಿನ್ನೆ ತಾನೇ ಬೆಂಚಿನಿಂದ ಎದ್ದು ಹೋದವನ ಹಾಗೆ. ಒಂದು ಕಲ್ಲಿನ ಮೇಲೆ ಕೂತೆವು. ಟೀ ತರಿಸಿದ. ಅಮ್ಮ ಹೋದದ್ದನ್ನು ಹೇಳಿದೆ, ಬಹಳ ನೊಂದುಕೊಂಡ. ಆಮೇಲೆ ನಾನು ಆ ಮಾತಿಗೆ ತಪ್ಪಾಯಿತು ಎಂದೆ. 'ಅದ್ಯಾವ ಕಾಲದ್ದು, ಬಿಡು' ಎಂದ. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳುವ ಆಸೆಗೆ, 'ಅವತ್ತು ಗುರುಗಳು ಸೀಟಿ ತಂದಿದ್ದು ನಿನಗೆ ಅಂತ. ಮುಷ್ಟಿಯಲ್ಲಿ ಹಿಡಿದುಕೊಂಡಿದ್ರು. ನೀನು ಕೇಳಲಿ ಅಂತ ಕಾದರು' ಎಂದುಬಿಟ್ಟೆ.

ಅವನು ಕೊರಳಲ್ಲಿದ್ದ ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡ.

'ನಂಗೇ ಅಂತ ತಂದಿದ್ರಾ?'

'ಹೂಂ.'

'ನಾನು ಕಲ್ತಿದ್ದು ಅವ್ರಿಗೆ ಸಾಲ್ದೇನೋ ಅಂತಿದ್ದೆ ಕಣಯ್ಯ. ಇಷ್ಟು ವರ್ಷವೂ ಅಂಗೇ ಅಂದ್ಕಂಡಿದ್ದೆ.' ಟವಲ್ಲಿನಿಂದ ಮುಖ ಒರೆಸಿಕೊಂಡ. ಅವನ ಮುಖ ಹಗುರಾಯಿತು. ಅದನ್ನು ನೋಡಿ, ಹೇಳಿದ್ದು ಒಳ್ಳೆಯದೇ ಆಯಿತು ಎಂದು ಒಂದು ಗಳಿಗೆ ನಾನೂ ಸಂತೋಷಪಟ್ಟೆ.

ಆಮೇಲೆ ಅವನು ಕೇಳಿದ. 'ನಿಂಗಿದು ಯಾವಾಗ ಗೊತ್ತಾಯ್ತು?'

'ಅವತ್ತೇ. ನೀನು ಪಾದ ಮುಟ್ಟಿ ಹೋದ ಕೂಡಲೇ ಹೇಳಿದ್ರು. ಪಕ್ಕದಲ್ಲೇ ಕೂತಿದ್ದೆನಲ್ಲ.'

ಅವನು ಟೀ ಲೋಟವನ್ನು ಕಲ್ಲಿನ ಮೇಲಿಟ್ಟ. 'ಆ ಕುರ್ಚಿಯಿಂದ ನಾನು ನಿಂತಿದ್ದ ಜಾಗಕ್ಕೆ ಎಷ್ಟು ದೂರ?'

ಅವನಿಗೆ ಗೊತ್ತಿರದ ವಿಷಯವಲ್ಲ. ಆದರೂ ಹಗ್ಗದ ಆಚೆ ತುದಿಯಲ್ಲಿ ನಿಂತು ನನ್ನ ಎಣಿಕೆಗೆ ಕಾಯುತ್ತಿದ್ದ ಹಾಗೆ ಕಾದ.

'ಹದಿನೆಂಟು ಮಾರು' ಎಂದೆ.

'ಹೂಂ. ಹದಿನೆಂಟೇ' ಎಂದ.

ಕೆಳಗಿನಿಂದ ಯಾರೋ ಬಾವುಟ ತೋರಿಸಿದರು. ಅವನು ಎದ್ದು, ನನಗೆ ಶೆಡ್ಡಿನ ಹಿಂದಕ್ಕೆ ಹೋಗಲು ಹೇಳಿ, ಸೀಟಿ ಊದುತ್ತ ಬಂಡೆಗಳ ಕಡೆ ನಡೆದ. ಕೂಲಿಯವರೆಲ್ಲ ಎದ್ದು ದೂರ ಸರಿದರು. ನಾನೂ ಅವರ ಜೊತೆ ದೂರ ಹೋಗಿ ನಿಂತೆ.